ದ್ರಾಕ್ಷಿಗೆ ಹೊಡೆಯುವ ಜಿ.ಎ. ಬಟಾಟೆಗೆ ಯಾಕೆ ಬೇಡ?

ಹೊಲದ ಪ್ರಶ್ನೆ, ತಜ್ಞರ ಉತ್ತರ. ಈ ಸಂಚಿಕೆಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದ ಬಟಾಟೆಯ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ತರಕಾರಿ ಬೆಳೆ ಮತ್ತು ಸಸ್ಯ ಹಾರ್ಮೋನುಗಳ ವಿಷಯ ಬಲ್ಲವರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಕಾಯಿ ಉದ್ದ, ದಪ್ಪ ಆಗಲಿ ಅಂತ ಜಿ.ಎ. ಬಳಸತೀವಿ. ಈ ಸಲ ಹಿಂಗಾರಿಗೆ ಎರಡು ಎಕರೆ ಬಟಾಟಿ ಹಚ್ಚೇವಿ. ಉಳಿದ ಜಿ.ಎ. ಇದಕ್ಕೂ ಹೊಡದ್ರ ಗಡ್ಡಿ ದಪ್ಪ ಆಗತಾವೇನು? ಪ್ರಮಾಣ ಎಷ್ಟು?
— ಓದುಗರು, ಟಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಹೊಡೆಯಬೇಡಿ. ಒಂದು ಪಂಪಿನಷ್ಟೂ ಬೇಡ. ಜಿ.ಎ. ಅಂದರೆ ಜಿಬ್ಬರೆಲಿಕ್ ಆಮ್ಲ, ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಒಂದು ರೂಪ. ದ್ರಾಕ್ಷಿಯಲ್ಲಿ ನೀವು ದಪ್ಪ ಮಾಡುತ್ತಿರುವುದು ಹಣ್ಣನ್ನು. ಥಾಮ್ಸನ್‌ನಂಥ ತಳಿಯ ಕಾಯಿಯಲ್ಲಿ ಜಿಬ್ಬರೆಲಿನ್ ಒದಗಿಸುವ ಬಲಿತ ಬೀಜವೇ ಇರುವುದಿಲ್ಲ. ಆ ಕೊರತೆಯನ್ನು ಹೊರಗಿನಿಂದ ಕೊಟ್ಟ ಜಿ.ಎ. ತುಂಬುತ್ತದೆ, ಕೋಶಗಳು ಹಿಗ್ಗುತ್ತವೆ.

ಬಟಾಟೆ ಗಡ್ಡೆ ಹಣ್ಣೂ ಅಲ್ಲ, ಬೇರೂ ಅಲ್ಲ. ಅದು ಕಾಂಡ. ಮಣ್ಣಿನೊಳಗಿರುವ ಕಾಂಡದ ಗಿಣ್ಣುಗಳಿಂದ ಬಿಳಿ ಹಂಬುಗಳು ಅಡ್ಡಡ್ಡ ಹೊರಡುತ್ತವೆ. ಹಂಬಿನ ತುದಿಯಲ್ಲಿ ಜಿಬ್ಬರೆಲಿನ್ ಹೆಚ್ಚಿರುವವರೆಗೆ ಅದು ಉದ್ದಕ್ಕೇ ಓಡುತ್ತದೆ. ತುದಿಯಲ್ಲಿ ಜಿಬ್ಬರೆಲಿನ್ ಇಳಿದಾಗ ಓಟ ನಿಲ್ಲುತ್ತದೆ, ಕೋಶಗಳು ವಿಭಜನೆಯ ದಿಕ್ಕನ್ನೇ ಬದಲಿಸುತ್ತವೆ, ತುದಿ ಕೊಕ್ಕೆಯಂತೆ ಬಾಗಿ ಅದರ ಹಿಂದಿನ ಭಾಗ ಉಬ್ಬತೊಡಗುತ್ತದೆ. ಇದು ತಾನಾಗಿ ಆಗುವ ಇಳಿಕೆಯಲ್ಲ. ಇದ್ದ ಜಿಬ್ಬರೆಲಿನ್ ಅನ್ನು ಒಡೆದು ಹಾಕುವ ಕಿಣ್ವವನ್ನು ಗಿಡವೇ ಉಬ್ಬುವಿಕೆಗೆ ತುಸು ಮೊದಲು ಆ ಜಾಗದಲ್ಲಿ ತಯಾರಿಸುತ್ತದೆ. ಅಂದರೆ ಗಿಡ ಕಷ್ಟಪಟ್ಟು ತೆಗೆದುಹಾಕುವ ವಸ್ತುವನ್ನೇ ನೀವು ಮೇಲಿನಿಂದ ಸುರಿಯಲು ಹೊರಟಿದ್ದೀರಿ.

ಹೊಡೆದರೆ ಏನಾಗುತ್ತದೆ? ಗಿಡ ತೆಳ್ಳಗೆ ಎತ್ತರವಾಗಿ, ಎಲೆ ತಿಳಿಹಸಿರಾಗುತ್ತದೆ. ಹಂಬುಗಳು ಗಡ್ಡೆ ಕಟ್ಟದೆ ಬೋದಿನ ಪಕ್ಕದಿಂದ ಮೇಲೆದ್ದು ಎಲೆ ಬಿಡುತ್ತವೆ. ಆಗಲೇ ಕಟ್ಟಿದ್ದ ಸಣ್ಣ ಗಡ್ಡೆ ಉದ್ದುದ್ದವಾಗುತ್ತದೆ ಇಲ್ಲವೆ ಹೊಲದಲ್ಲೇ ಮೊಳೆಯುತ್ತದೆ. ದ್ರಾಕ್ಷಿಗೆ ಬಳಸಿದ ಟ್ಯಾಂಕು, ಪೈಪು, ನಾಜಲ್‌ಗಳನ್ನು ಎರಡು ಮೂರು ಸಲ ತೊಳೆದೇ ಬಟಾಟೆಗೆ ಇಳಿಸಿ. ತೋಟ ಪಕ್ಕದಲ್ಲೇ ಇದ್ದರೆ ಗಾಳಿ ಬಟಾಟೆಯ ಕಡೆ ಬೀಸುವಾಗ ಜಿ.ಎ. ಸಿಂಪಡಿಸಬೇಡಿ. ಉಳಿದ ಪುಡಿ ಮುಂದಿನ ಹಂಗಾಮಿನ ದ್ರಾಕ್ಷಿಗೇ ಇರಲಿ.

ಪ್ರಶ್ನೆ: ಮುಂಗಾರಿ ಬಟಾಟಿ, ಜೂನ್ ಕಡೀ ವಾರ ನಾಟಿ. ಗಿಡ ಸೊಂಟದ ಮಟ ಬಂದಾವ, ಬಣ್ಣ ಕಡು ಹಸರು. ಅಗದು ನೋಡಿದ್ರ ಗಡ್ಡಿ ಗೋಲಿಯಷ್ಟ ಅದಾವ. ಮಳಿ ತೆರಪು ಕೊಟ್ಟಾಗ ಎರಡು ಸಲ ಯೂರಿಯಾ ಹಾಕೇವಿ. 55 ದಿನ ಆತು. ಏನ್ ಮಾಡೋದು?
— ಓದುಗರು, ಕಡೋಲಿ, ಬೆಳಗಾವಿ ತಾಲೂಕು

ಉತ್ತರ: ಮೊದಲು ಯೂರಿಯಾ ಚೀಲ ಒಳಗಿಡಿ. ಬೇರಿಗೆ ಸಾರಜನಕ ಎಡೆಬಿಡದೆ ಸಿಗುತ್ತಿದ್ದರೆ ಗಿಡದಲ್ಲಿ ಜಿಬ್ಬರೆಲಿನ್ ಮಟ್ಟ ಮೇಲೆಯೇ ಉಳಿಯುತ್ತದೆ, ಅದಕ್ಕೆ ಎದುರಾಗಿ ಕೆಲಸ ಮಾಡುವ ಇನ್ನೊಂದು ಹಾರ್ಮೋನು ಅಬ್ಸಿಸಿಕ್ ಆಮ್ಲದ ಪಾಲು ತಗ್ಗುತ್ತದೆ. ನೀರಿನಲ್ಲಿ ಗಿಡ ಬೆಳೆಸಿ ಮಾಡಿದ ಪ್ರಯೋಗಗಳಲ್ಲಿ ಇದು ನಿಚ್ಚಳವಾಗಿ ಕಂಡಿದೆ: ನೈಟ್ರೇಟ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಂಬಿನ ತುದಿ ಉಬ್ಬುತ್ತದೆ, ಮತ್ತೆ ಕೊಟ್ಟರೆ ಉಬ್ಬಿದ ತುದಿ ಪುನಃ ಹಂಬಾಗಿ ಓಡುತ್ತದೆ.

ಎರಡನೆಯ ಕಾರಣ ರಾತ್ರಿಯ ಸೆಕೆ. ಗಡ್ಡೆ ಕಟ್ಟಲು ರಾತ್ರಿ ಉಷ್ಣಾಂಶ 15ರಿಂದ 18 ಡಿಗ್ರಿ ಇದ್ದರೆ ಉತ್ತಮ. 20 ಡಿಗ್ರಿ ದಾಟುತ್ತಾ ಹೋದಂತೆ ಗಡ್ಡೆ ತಡವಾಗುತ್ತದೆ. ಬೆಳಗಾವಿಯ ಮಳೆಗಾಲದ ರಾತ್ರಿ ಈ ಗಡಿಯ ಮೇಲೆಯೇ ನಿಂತಿರುತ್ತದೆ. ಜೊತೆಗೆ ಜೂನ್ ಕೊನೆಗೆ ಇಲ್ಲಿ ಹಗಲು ಸುಮಾರು 13 ತಾಸು. ಗಡ್ಡೆ ಕಟ್ಟು ಎಂಬ ಸಂಕೇತ ಹುಟ್ಟುವುದು ಎಲೆಯಲ್ಲಿ. ಎಸ್‌ಪಿ6ಎ ಎಂಬ ಪ್ರೋಟೀನು ಎಲೆಯಿಂದ ಹೊರಟು ಸಕ್ಕರೆಯ ಹರಿವಿನ ಜೊತೆ ಹಂಬಿನ ತುದಿಗೆ ಇಳಿಯುತ್ತದೆ ಎಂದು 2011ರಲ್ಲಿ ಸ್ಪೇನಿನ ವಿಜ್ಞಾನಿಗಳ ತಂಡ ತೋರಿಸಿತು. ಬೇರೆ ಗಿಡಗಳಲ್ಲಿ ಹೂ ಬಿಡಿಸುವ ಪ್ರೋಟೀನಿನ ಕುಲಕ್ಕೇ ಸೇರಿದ್ದು ಅದು. ಹಗಲು ಉದ್ದವಾದರೆ, ಸೆಕೆ ಏರಿದರೆ ಎಲೆ ಅದನ್ನು ಕಡಿಮೆ ತಯಾರಿಸುತ್ತದೆ. ಕುಫ್ರಿ ಎಂಬ ಹೆಸರಿನ ನಮ್ಮ ಬಟಾಟೆ ತಳಿಗಳು 13 ತಾಸಿನ ಹಗಲನ್ನು ತಾಳಿಕೊಳ್ಳುತ್ತವೆ; ಅದರ ಮೇಲೆ ಸೆಕೆಯೂ ಯೂರಿಯಾವೂ ಸೇರಿದರೆ ತಾಳುವುದಿಲ್ಲ. ನಿಮ್ಮ ಹೊಲದಲ್ಲಿ ಆಗಿರುವುದು ಅದೇ.

ಈಗ ಮಾಡುವುದು ಇಷ್ಟು. ಹೊಲದ ಮೂರು ನಾಲ್ಕು ಕಡೆ ಒಂದೊಂದು ಗಿಡವನ್ನು ಮೆಲ್ಲಗೆ ಅಗೆದು ಹಂಬಿನ ತುದಿ ನೋಡಿ. ತುದಿ ನೆಟ್ಟಗೆ ಚೂಪಾಗಿದ್ದರೆ ಅದು ಇನ್ನೂ ಓಡುತ್ತಿದೆ. ಕೊಕ್ಕೆಯಾಗಿ ಬಾಗಿದ್ದರೆ ಗಡ್ಡೆ ಶುರುವಾಗಿದೆ. ಗೋಲಿ ಗಾತ್ರ ಆಗಿರುವುದರಿಂದ ನಿಮ್ಮ ಹೊಲ ಈ ಹಂತ ದಾಟಿದೆ, ಬೆಳೆ ಕೈತಪ್ಪಿಲ್ಲ. ಇನ್ನು ಮೇಲೆ ಸಾರಜನಕದ ಯಾವ ಗೊಬ್ಬರವೂ ಬೇಡ, ಸಾರಜನಕವೂ ಇರುವ 19:19:19 ಗೊಬ್ಬರದ ಸಿಂಪಡಣೆ ಕೂಡ ಬೇಡ. ಇಷ್ಟು ದಟ್ಟ ಎಲೆಯಿದ್ದರೆ ಅಂಗಮಾರಿ ರೋಗ ಬೇಗ ಹಬ್ಬುತ್ತದೆ. ಮೋಡ, ಜಿಟಿಜಿಟಿ ಮಳೆ ಇದ್ದರೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂನಂತೆ ಎಲೆಯ ಕೆಳಮೈಗೂ ತಾಗುವಂತೆ ಹೊಡೆಯಿರಿ. ಎಲೆ ಉಳಿದರೆ ಮಾತ್ರ ತಡವಾದ ಗಡ್ಡೆ ತುಂಬಿಕೊಳ್ಳುತ್ತದೆ. ಕಟಾವನ್ನು 10–15 ದಿನ ಮುಂದಕ್ಕೆ ಹಾಕಿ.

ಮುಂದಿನ ಸಲದ ಲೆಕ್ಕ ಹೀಗಿರಲಿ. ನೀರಾವರಿ ಬಟಾಟೆಗೆ ಹೆಕ್ಟೇರಿಗೆ 125:100:125 ಕಿಲೋ ಸಾರಜನಕ, ರಂಜಕ, ಪೊಟ್ಯಾಷ್ ಎಂದು ಹಿಡಿದರೆ ಎಕರೆಗೆ 50:40:50 ಆಗುತ್ತದೆ. ನಾಟಿಯ ದಿನ ಡಿಎಪಿ 87 ಕಿಲೋ, ಯೂರಿಯಾ 20 ಕಿಲೋ, ಎಂಒಪಿ (ಪೊಟ್ಯಾಷ್ ಗೊಬ್ಬರ) 83 ಕಿಲೋ. ಡಿಎಪಿಯಲ್ಲೇ ಸುಮಾರು 16 ಕಿಲೋ ಸಾರಜನಕ ಬಂದುಬಿಡುತ್ತದೆ. ಹೆಚ್ಚಿನವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ ಯೂರಿಯಾ 54 ಕಿಲೋವನ್ನು 25–30ನೇ ದಿನ ಮಣ್ಣು ಏರಿಸುವಾಗ ಒಂದೇ ಸಲ ಕೊಟ್ಟು ಮುಗಿಸಿ. ಮಣ್ಣು ಪರೀಕ್ಷೆಯ ವರದಿ ಇದ್ದರೆ, ತಿಪ್ಪೆಗೊಬ್ಬರ ಚೆನ್ನಾಗಿ ಬಿದ್ದಿದ್ದರೆ ಇದರಲ್ಲೂ ಕಡಿತ ಮಾಡಿ. ಹಂಬಿನ ತುದಿ ಬಾಗುವುದು 30ರಿಂದ 40ನೇ ದಿನದ ಒಳಗೆ. ಆ ಹೊತ್ತಿಗೆ ಮಣ್ಣಿನಲ್ಲಿ ಸಾರಜನಕ ಇಳಿಮುಖವಾಗಿರಬೇಕು. 45 ದಿನದ ಮೇಲೆ ಹಾಕಿದ ಯೂರಿಯಾ ಎಲೆಗೆ ಹೋಗುತ್ತದೆ, ಗಡ್ಡೆಗಲ್ಲ.

ಸೆಕೆಗೆ ತಳಿಯ ಆಯ್ಕೆಯೂ ಉತ್ತರ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಸೂರ್ಯ ಬೆಚ್ಚಗಿನ ರಾತ್ರಿಯಲ್ಲೂ ಗಡ್ಡೆ ಕಟ್ಟಲೆಂದೇ ಆರಿಸಿದ ತಳಿ. ಆದರೆ ಅಂಗಮಾರಿಗೆ ಅದು ಸುಲಭವಾಗಿ ತುತ್ತಾಗುತ್ತದೆ. ಬೆಳಗಾವಿಯ ಮಳೆಗಿಂತ ಬಾಗಲಕೋಟೆ, ವಿಜಯಪುರದ ಒಣ ಹಿಂಗಾರಿಗೆ ಹೆಚ್ಚು ಸರಿ.

ಪ್ರಶ್ನೆ: ಹೂವು ಚಿವುಟಿದರೆ ಗಡ್ಡೆ ದಪ್ಪ ಆಗುತ್ತದೆಯೆ?
— ಓದುಗರು, ಹುಕ್ಕೇರಿ

ಉತ್ತರ: ಆಳಿನ ಕೂಲಿ ದಂಡ. ಹೂ ಬಿಡುವುದೂ ಗಡ್ಡೆ ಕಟ್ಟುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ, ಒಂದಕ್ಕೊಂದು ಕಾರಣವಲ್ಲ. ಹೂವೇ ಬಿಡದ ಬೆಳೆಯಲ್ಲೂ ಗಡ್ಡೆ ತುಂಬುತ್ತದೆ.

ಪ್ರಶ್ನೆ: ನಮ್ಮ ಬಟಾಟಿ ಜಪಮಣಿ ಪೋಣಿಸಿಧಂಗ ಒಂದರ ತುದಿಗೆ ಇನ್ನೊಂದು ಗಡ್ಡಿ ಕಟ್ಯಾವ. ಕೆಲವಕ್ಕ ಮೈಮ್ಯಾಲ ಗಂಟು. ಮಾರ್ಕೆಟ್‌ದಾಗ ಯಾರೂ ಕೇಳವಲ್ಲರು. ಇದು ರೋಗಾನೋ, ಬೀಜದ ದೋಷಾನೋ?
— ಓದುಗರು, ಬೈಲಹೊಂಗಲ

ಉತ್ತರ: ಎರಡೂ ಅಲ್ಲ. ಹೊಲದಲ್ಲಿ ಮಣ್ಣು ಒಮ್ಮೆ ಕಾದು ಒಣಗಿದೆ, ಆಮೇಲೆ ಜೋರು ಮಳೆಯೋ ನೀರೋ ಗೊಬ್ಬರವೋ ಒಮ್ಮೆಲೇ ಸಿಕ್ಕಿದೆ. ಒಣಗಿದಾಗ ಗಡ್ಡೆಯ ಬೆಳವಣಿಗೆ ನಿಂತು ಸಿಪ್ಪೆ ಬಲಿಯುತ್ತದೆ. ಸೆಕೆಗೆ ಗಿಡದಲ್ಲಿ ಜಿಬ್ಬರೆಲಿನ್ ಪುನಃ ಏರುತ್ತದೆ. ನೀರು ಸಿಕ್ಕ ಕೂಡಲೆ ಬಲಿತ ಗಡ್ಡೆ ಮೊದಲಿನಂತೆ ಹಿಗ್ಗಲಾರದು. ಬದಲಿಗೆ ಅದರ ಕಣ್ಣುಗಳು ಎಚ್ಚರವಾಗುತ್ತವೆ. ತುದಿಯ ಕಣ್ಣು ಹಂಬಾಗಿ ಓಡಿ, ತಂಪಾದಾಗ ಇನ್ನೊಂದು ಗಡ್ಡೆ ಕಟ್ಟಿದರೆ ಸರ. ಪಕ್ಕದ ಕಣ್ಣು ಅಲ್ಲೇ ಉಬ್ಬಿದರೆ ಗಂಟು. ಎರಡನೆಯ ಗಡ್ಡೆ ಮೊದಲನೆಯದರ ಪಿಷ್ಟವನ್ನು ಎಳೆದುಕೊಳ್ಳುವುದರಿಂದ ಹಳೆಯ ಗಡ್ಡೆಯ ತೊಟ್ಟಿನ ಕಡೆ ಗಾಜಿನಂತೆ ಕಂಡು, ಬೇಯಿಸಿದರೆ ಹಿಟ್ಟಾಗದೆ ನೀರುನೀರಾಗುತ್ತದೆ.

35ರಿಂದ 70 ದಿನದವರೆಗೆ ನೀರು ತಪ್ಪಿಸಬೇಡಿ. ಕೆಂಪು ಮಸಾರಿಯಲ್ಲಿ 5–7 ದಿನಕ್ಕೆ, ಎರೆಯಲ್ಲಿ 8–10 ದಿನಕ್ಕೆ ಹಗುರವಾಗಿ ಹಾಯಿಸಿ. ಬೋದಿನ ಮುಕ್ಕಾಲು ಎತ್ತರ ದಾಟದಿರಲಿ. ನೀರು ತಪ್ಪಿ ಗಿಡ ಬಾಡಿದ್ದರೆ ಒಂದೇ ದಿನ ತುಂಬಿಸದೆ, ಎರಡು ದಿನದ ಅಂತರದಲ್ಲಿ ಎರಡು ಹಗುರ ನೀರು ಕೊಡಿ. ಕಬ್ಬಿನ ರವದಿ (ಒಣ ಎಲೆ) ಸಿಕ್ಕರೆ ಎಕರೆಗೆ ಎರಡು ಟನ್ನಿನಷ್ಟು ಬೋದಿನ ಮೇಲೆ ಹರಡಿ. ಮಣ್ಣಿನ ಕಾವು ಇಳಿಸಲು ಇದಕ್ಕಿಂತ ಅಗ್ಗದ ಉಪಾಯ ನಮ್ಮ ಕಡೆ ಇಲ್ಲ, ಆದರೂ ಬಹಳಷ್ಟು ರವದಿ ಬೆಂಕಿಗೆ ಹೋಗುತ್ತಿದೆ. ಈಗಿರುವ ಗಡ್ಡೆಗಳನ್ನು ತಿನ್ನಲು ಅಡ್ಡಿಯಿಲ್ಲ. ಬೀಜಕ್ಕೆ ಇಡಬೇಡಿ.

ಪ್ರಶ್ನೆ: ಮುಂಗಾರಿ ಬೆಳಿ ಸೆಪ್ಟೆಂಬರ್ ಕಡೀಕ ಕೀಳತೀವಿ. ಅದನ್ನ ನವೆಂಬರ್ ಮೊದಲ ವಾರ ಬಿತ್ತಬಹುದೇನು? ಹೋದ ಸಲ ಹಂಗ ಬಿತ್ತಿದ್ವಿ, ಅರ್ಧ ಹೊಲ ಹುಟ್ಟಲೇ ಇಲ್ಲ.
— ಓದುಗರು, ಗೋಕಾಕ

ಉತ್ತರ: ಕಿತ್ತ ಗಡ್ಡೆ ತಳಿಗೆ ತಕ್ಕಂತೆ 6ರಿಂದ 10 ವಾರ ಸುಪ್ತವಾಗಿರುತ್ತದೆ. ಆ ಅವಧಿಯಲ್ಲಿ ಅಬ್ಸಿಸಿಕ್ ಆಮ್ಲ ಕಣ್ಣನ್ನು ಮಲಗಿಸಿರುತ್ತದೆ. ಅದು ಇಳಿದು ಸೈಟೊಕೈನಿನ್ ಎಂಬ ಹಾರ್ಮೋನು ಏರಿದಾಗ ಕಣ್ಣು ತೆರೆಯುತ್ತದೆ, ಆಮೇಲೆ ಮೊಳಕೆಯನ್ನು ಉದ್ದ ಮಾಡುವುದು ಜಿಬ್ಬರೆಲಿನ್. ನಿಮಗೆ ಸಿಗುವುದು ಐದಾರು ವಾರ ಮಾತ್ರ, ಹಾಗಾಗಿ ಅರ್ಧ ಗಡ್ಡೆ ನಿದ್ದೆಯಲ್ಲೇ ಮಣ್ಣು ಸೇರಿ ಕೊಳೆತಿವೆ. ಮೇಲೆ ಬೇಡವೆಂದ ಜಿ.ಎ.ಗೆ ಬಟಾಟೆಯಲ್ಲಿ ಇರುವ ಒಂದೇ ಕೆಲಸ ಇದು: ಸುಪ್ತಾವಸ್ಥೆ ಮುರಿಯುವುದು.

ಮೊದಲು 1% ಥಯೋಯೂರಿಯಾ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ, ಮಾಡಿ ಗಡ್ಡೆಗಳನ್ನು ಒಂದು ತಾಸು ಮುಳುಗಿಸಿ. ತೆಗೆದು ಬಸಿದ ಮೇಲೆ 1 ಪಿಪಿಎಂ ಜಿ.ಎ.ಯಲ್ಲಿ ಅದ್ದಿ, 10 ನಿಮಿಷ ಮೀರಬಾರದು, ಹೋಳು ಮಾಡಿದ ಗಡ್ಡೆಯಾದರೆ ಅದರ ಅರ್ಧವೂ ಸಾಕು. ಅಳತೆಯಲ್ಲೇ ಜನ ತಪ್ಪುವುದು. 1 ಪಿಪಿಎಂ ಎಂದರೆ 1000 ಲೀಟರಿಗೆ 1 ಗ್ರಾಂ. ಶೇ. 90ರ ಪುಡಿಯಾದರೆ 1000 ಲೀಟರಿಗೆ 1.1 ಗ್ರಾಂ, 100 ಲೀಟರಿಗೆ 0.11 ಗ್ರಾಂ. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗರ ತಕ್ಕಡಿ ಬೇಕು. ಪುಡಿ ನೀರಿನಲ್ಲಿ ಸರಿಯಾಗಿ ಕರಗದು, ಮೊದಲು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಿ ನೀರಿಗೆ ಬೆರೆಸಿ. ಅಂಗಡಿಯ 0.001% ದ್ರವ ಸಿಕ್ಕರೆ ಕೆಲಸ ಸುಲಭ: 1 ಲೀಟರಿಗೆ 9 ಲೀಟರ್ ನೀರು ಬೆರೆಸಿದರೆ 1 ಪಿಪಿಎಂ. ಅದ್ದಿದ ಗಡ್ಡೆಯನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಬೆಚ್ಚಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಒಡೆಯುವವರೆಗೆ ಹರಡಿಡಿ. ಕೈಗವಸು ಹಾಕಿಕೊಳ್ಳಿ. ಥಯೋಯೂರಿಯಾದಲ್ಲಿ ಅದ್ದಿದ ಗಡ್ಡೆ ಮನುಷ್ಯರಿಗೂ ದನಕ್ಕೂ ತಿನ್ನಲು ಬಾರದು.

ಪ್ರಮಾಣ ಹೆಚ್ಚಾದರೆ ಮೊಳಕೆ ಉದ್ದ, ತೆಳ್ಳಗೆ, ಮುಟ್ಟಿದರೆ ಮುರಿಯುವಂತೆ ಬರುತ್ತದೆ. ಆ ಗಿಡದ ಹೊಸ ಗಡ್ಡೆಗಳೂ ಉದ್ದುದ್ದ. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಬೇರೆಯೇ: ಮಳೆಗಾಲದ ಬೆಳೆಯ ಗಡ್ಡೆಯಲ್ಲಿ ಅಂಗಮಾರಿ, ದುಂಡಾಣು ಸೊರಗು, ನಂಜು ರೋಗಗಳು ಅಡಗಿರುವ ಸಾಧ್ಯತೆ ಹೆಚ್ಚು. ಶೀತಗೃಹದಲ್ಲಿಟ್ಟ ದೃಢೀಕೃತ ಬೀಜ ತಂದು, ನಾಟಿಗೆ 10–15 ದಿನ ಮೊದಲು ಹೊರತೆಗೆದು, ಮಂದ ಬೆಳಕಿನಲ್ಲಿ ಗಿಡ್ಡ ದಪ್ಪ ಮೊಳಕೆ ಬರಿಸಿ ಹಚ್ಚುವುದೇ ಲೇಸು.

ಪ್ರಶ್ನೆ: ತಂದ ಬೀಜದ ಗಡ್ಡೆಯ ತಲೆಯ ಮೇಲೆ ಒಂದೇ ಮೊಳಕೆ ಬಂದಿದೆ, ಉಳಿದ ಕಣ್ಣು ಮುಚ್ಚಿವೆ. ಹಾಗೇ ಹಚ್ಚಬಹುದೆ?
— ಓದುಗರು, ಮುಧೋಳ

ಉತ್ತರ: ಹಚ್ಚಿದರೆ ಒಂದೇ ಕಾಂಡ, ಕೆಲವೇ ಗಡ್ಡೆ. ತಲೆಯ ಮೊಳಕೆಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಉಳಿದ ಕಣ್ಣುಗಳನ್ನು ತಡೆದಿರುತ್ತದೆ. ಆ ಮೊಳಕೆಯನ್ನು ಸಣ್ಣದಿರುವಾಗಲೇ ಒಮ್ಮೆ ಮುರಿದು ಒಂದೆರಡು ವಾರ ಮಂದ ಬೆಳಕಿನಲ್ಲಿ ಹರಡಿಟ್ಟರೆ ಮೂರು ನಾಲ್ಕು ಕಣ್ಣು ಏಳುತ್ತವೆ. ಪದೇ ಪದೇ ಮುರಿಯಬೇಡಿ, ಗಡ್ಡೆ ಸೊರಗುತ್ತದೆ. ದೊಡ್ಡ ಗಡ್ಡೆಯನ್ನು ಹೋಳು ಮಾಡುವುದಾದರೆ ತಲೆಯಿಂದ ತೊಟ್ಟಿನ ಕಡೆಗೆ ಉದ್ದಕ್ಕೆ ಸೀಳಿ, ಪ್ರತಿ ಹೋಳು 40–50 ಗ್ರಾಂ ಇದ್ದು ಎರಡು ಮೂರು ಕಣ್ಣು ಇರಲಿ. ಕೊಯ್ದ ದಿನವೇ ಹಚ್ಚದೆ ಒಂದೆರಡು ದಿನ ನೆರಳಿನಲ್ಲಿ ಗಾಯ ಮಾಯಲು ಬಿಡಿ. ಮುಂಗಾರಿಗಂತೂ ಹೋಳಿಗಿಂತ 30–50 ಗ್ರಾಂನ ಇಡೀ ಗಡ್ಡೆಯೇ ಸುರಕ್ಷಿತ. ಹಸಿ ಮಣ್ಣಿನಲ್ಲಿ ಹೋಳು ಕೊಳೆಯುತ್ತದೆ.

ಪ್ರಶ್ನೆ: ಮಣ್ಣಾಗ ಅಲ್ಲ, ಮ್ಯಾಲ ಎಲಿ ಸಂದಿಯೊಳಗ ಹಸರು ಗಡ್ಡಿ ಕಟ್ಯಾವ. ಇಂಥಾ ಗಿಡ ಹೊಲದಾಗ ಅಲ್ಲಲ್ಲಿ ಅದಾವ.
— ಓದುಗರು, ಖಾನಾಪುರ ತಾಲೂಕು

ಉತ್ತರ: ಬಟಾಟೆಯ ಎಲೆಸಂದಿಯ ಪ್ರತಿ ಮೊಗ್ಗಿಗೂ ಗಡ್ಡೆಯಾಗುವ ಶಕ್ತಿ ಇದೆ. ಗಡ್ಡೆ ಕಟ್ಟುವ ಸಂಕೇತವೂ ಸಕ್ಕರೆಯೂ ಎಲೆಯಿಂದ ಕೆಳಗಿಳಿಯುವ ದಾರಿ ಕಟ್ಟಿದರೆ ಎರಡೂ ಮೇಲೆಯೇ ನಿಂತು ಅಲ್ಲಿನ ಮೊಗ್ಗು ಉಬ್ಬುತ್ತದೆ. ಆ ಗಿಡದ ಬುಡ ಬಿಡಿಸಿ ನೋಡಿ. ಮಣ್ಣಿನ ಮಟ್ಟದಲ್ಲಿ ಕಂದು ಬಣ್ಣದ ತಗ್ಗು ಗಾಯ ಇದ್ದರೆ ರೈಜೋಕ್ಟೋನಿಯಾ ಶಿಲೀಂಧ್ರ. ಎಡೆ ಹೊಡೆಯುವಾಗ ಕುಂಟೆ ತಾಗಿ ಕಾಂಡ ಸೀಳಿದ್ದರೂ ಹೀಗೆಯೇ. ಬುಡ ಚೆನ್ನಾಗಿದ್ದು ತುದಿ ಎಲೆ ನೇರಳೆಯಾಗಿ ಸುರುಳಿಯಾಗಿದ್ದರೆ ಜಿಗಿಹುಳು ತರುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮ ರೋಗಾಣು ಎಂದು ಶಂಕಿಸಿ ಗಿಡ ಕಿತ್ತುಹಾಕಿ.

ರೈಜೋಕ್ಟೋನಿಯಾ ಬೀಜದ ಗಡ್ಡೆಯ ಮೇಲೆ ಕರಿ ಹುರುಪೆಯಾಗಿ ಬರುತ್ತದೆ. ತೊಳೆದರೂ ಹೋಗದ ಮಣ್ಣಿನಂತೆ ಕಾಣುತ್ತದೆ. ಅಂಥ ಬೀಜ ಕೊಳ್ಳಬೇಡಿ. ನಿಮ್ಮದೇ ಬೀಜವಾದರೆ ಶೀತಗೃಹಕ್ಕೆ ಕಳಿಸುವ ಮೊದಲು 3% ಬೋರಿಕ್ ಆಮ್ಲದಲ್ಲಿ, 100 ಲೀಟರಿಗೆ 3 ಕಿಲೋ, 30 ನಿಮಿಷ ಅದ್ದಿ ನೆರಳಲ್ಲಿ ಒಣಗಿಸಿ. ಮೊಳಕೆ ಬಂದ ಮೇಲೆ ಅದ್ದಿದರೆ ಮೊಳಕೆ ಸುಡುತ್ತದೆ. ಮೇಲಿನ ಹಸಿರು ಗಡ್ಡೆ ತಿನ್ನಬಾರದು, ಅದರಲ್ಲಿ ಸೊಲನಿನ್ ಎಂಬ ವಿಷ ಇರುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ‘ಗಡ್ಡೆ ಉಬ್ಬಿಸುವ ಟಾನಿಕ್’ ಎಂದು ಬಾಟಲಿ ಕೊಡುತ್ತಾರೆ. ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜೋಲ್ ಕೂಡ ಬಟಾಟೆಗೆ ಆಗುತ್ತದೆ ಎನ್ನುತ್ತಾರೆ. ನಂಬಬಹುದೆ?
— ಓದುಗರು, ಜಮಖಂಡಿ

ಉತ್ತರ: ಪ್ಯಾಕ್ಲೊಬ್ಯುಟ್ರಜೋಲ್, ಹಾಗೆಯೇ ನಿಮ್ಮ ಕಡೆ ದ್ರಾಕ್ಷಿಗೆ ಬಳಸುವ ಕ್ಲೋರ್ಮೆಕ್ವಾಟ್, ಎರಡೂ ಗಿಡ ಜಿಬ್ಬರೆಲಿನ್ ತಯಾರಿಸುವುದನ್ನೇ ತಡೆಯುತ್ತವೆ. ಹಾಗಾಗಿ ವಾದದಲ್ಲಿ ಹುರುಳಿದೆ. ಸೆಕೆಯ ನಾಡುಗಳ ಪ್ರಯೋಗಗಳಲ್ಲಿ ಗಿಡ ಗಿಡ್ಡವಾಗಿ ಗಡ್ಡೆಯ ಪಾಲು ಹೆಚ್ಚಿದ್ದೂ ಉಂಟು. ಆದರೂ ನಾವು ಹೇಳುವುದು ಬೇಡವೆಂದೇ. ಸಾಲು ಮುಚ್ಚುವ ಮೊದಲೇ ಬಿದ್ದರೆ ಎಲೆ ಚಿಕ್ಕದಾಗಿ ಇಳುವರಿಯೇ ಕುಸಿಯುತ್ತದೆ. ಪ್ಯಾಕ್ಲೊಬ್ಯುಟ್ರಜೋಲ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಬೆಳೆಯನ್ನೂ ಕುಗ್ಗಿಸಬಲ್ಲದು. ಮಾವಿನಲ್ಲಿ ಬುಡಕ್ಕೆ ಹಾಕುವ ಔಷಧಕ್ಕೂ ಮಣ್ಣಿನಿಂದ ಅಗೆದು ತಿನ್ನುವ ಗಡ್ಡೆಗೂ ಬಹಳ ವ್ಯತ್ಯಾಸವಿದೆ. ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯಡಿ ಬರುತ್ತವೆ. ಡಬ್ಬಿಯ ಲೇಬಲ್‌ನಲ್ಲಿ ಬಟಾಟೆಯ ಹೆಸರು, ಪ್ರಮಾಣ, ಕಟಾವಿಗೆ ಬಿಡಬೇಕಾದ ದಿನ ಇಲ್ಲದಿದ್ದರೆ ಬಳಸಬಾರದು.

ಟಾನಿಕ್ ಬಾಟಲಿಗಳಲ್ಲಿ ಹೆಚ್ಚಿನವು ಸಮುದ್ರ ಪಾಚಿಯ ಸಾರ, ಹ್ಯೂಮಿಕ್, ಅಮೈನೊ ಆಮ್ಲ. ಪಾಚಿ ಸಾರದಲ್ಲಿ ಸೈಟೊಕೈನಿನ್ ಕೊಂಚ ಇರುತ್ತದೆ, ಅದು ಹೆಚ್ಚಿನ ಯೂರಿಯಾದ ಪರಿಣಾಮವನ್ನು ಅಳಿಸಲಾರದು. ಇಂಥ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತರಲಾಗಿದೆ. ಒಳಗೆ ಏನಿದೆ ಎಂದು ಬರೆಯದ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ; ಅದರಲ್ಲಿ ಜಿ.ಎ. ಇದ್ದರಂತೂ ಗಡ್ಡೆಯೇ ತಡ. ಕೊಂಡರೆ ರಸೀದಿ ಇರಲಿ.

ಪ್ರಶ್ನೆ: ತುದಿ ಕಾಂಡದ ಕತ್ತರಿಕೆಯಿಂದ ಬಟಾಟೆ ಸಸಿ ಮಾಡುವ ನರ್ಸರಿ ಶುರು ಮಾಡಿದ್ದೇವೆ. ಡಿಸೆಂಬರಿನಲ್ಲಿ ಪ್ರೋಟ್ರೇಯ ಸಸಿಗಳೇ ಕೊಕೊಪಿಟ್‌ನೊಳಗೆ ಬಟಾಣಿಯಷ್ಟು ಗಡ್ಡೆ ಕಟ್ಟಿ ಬೆಳೆಯದೆ ನಿಂತಿವೆ.
— ಓದುಗರು, ಬೆಳಗಾವಿ

ಉತ್ತರ: ಹೊಲದಲ್ಲಿ ಬೇಕಾದದ್ದು ನರ್ಸರಿಯಲ್ಲಿ ಬೇಡವಾಗಿದೆ. ಡಿಸೆಂಬರಿನ ಹಗಲು ಸುಮಾರು 11 ತಾಸು, ರಾತ್ರಿ ಚಳಿ. ಸಸಿಗೆ ಗಡ್ಡೆ ಕಟ್ಟು ಎಂಬ ಸಂಕೇತ ಪೂರ್ತಿ ಸಿಗುತ್ತದೆ. ತಾಯಿಗಿಡಗಳಿಗೆ ಸಂಜೆ ದೀಪ ಹಾಕಿ ಬೆಳಕಿನ ಅವಧಿಯನ್ನು 16 ತಾಸಿಗೆ ಏರಿಸಿ. ತಾಯಿಗಿಡದ ವಯಸ್ಸನ್ನು ಎಲೆ ನೋಡಿ ತಿಳಿಯಿರಿ: ಎಲೆ ಒಂಟಿಯಾಗಿ ದುಂಡಗಿರುವವರೆಗೆ ಅದು ಎಳೆಯದು, ಹೊಲದ ಗಿಡದಂತೆ ಹಲವು ಎಲೆಗಳಾಗಿ ಒಡೆದರೆ ಬಲಿತಿದೆ. ಬಲಿತ ತಾಯಿಯಿಂದ ಕತ್ತರಿಸಿದ ಸಸಿ ಟ್ರೇಯಲ್ಲೇ ಗಡ್ಡೆ ಕಟ್ಟುತ್ತದೆ, ಅದನ್ನು ತೆಗೆದು ಅಂಗಾಂಶ ಕೃಷಿಯ ಹೊಸ ಸಸಿ ಇಡಿ. ಬೇರು ಬಿಟ್ಟ ಸಸಿಯನ್ನು ಟ್ರೇಯಲ್ಲಿ ಉಳಿಸಿಕೊಳ್ಳದೆ ಹದಕ್ಕೆ ಬಂದೊಡನೆ ನಾಟಿಗೆ ಕಳಿಸಿ. ಈಗ ಗಡ್ಡೆ ಕಟ್ಟಿರುವವನ್ನು ರೈತರಿಗೆ ಸಸಿಯೆಂದು ಮಾರಬೇಡಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಹಾಸನದ ಸೋಮನಹಳ್ಳಿ ಕಾವಲು ಕೇಂದ್ರದಲ್ಲಿ ಈ ವಿಧಾನದ ಮೇಲೆ ಕೆಲಸ ನಡೆದಿದೆ. ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಮನೆಗೆ ತಂದ ಬಟಾಟೆ ಬೇಗ ಮೊಳಕೆ ಬರುತ್ತದೆ. ಫ್ರಿಜ್ಜಿನಲ್ಲಿ ಇಡಬಹುದೆ?
— ಓದುಗರು, ಬಾಗಲಕೋಟೆ

ಉತ್ತರ: ಫ್ರಿಜ್ಜಿನ ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ, ಪಲ್ಯ ಸಿಹಿಯೆನಿಸುತ್ತದೆ, ಕರಿದರೆ ಕಪ್ಪಾಗುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ, ಕತ್ತಲೆಯಿರುವ ತಂಪು ಮೂಲೆಯಲ್ಲಿಡಿ. ಒಂದೆರಡು ವಾರಕ್ಕೆ ಸಾಕಾಗುವಷ್ಟೇ ತನ್ನಿ. ಮೊಳಕೆ ಸಣ್ಣದಿದ್ದು ಗಡ್ಡೆ ಗಟ್ಟಿಯಾಗಿದ್ದರೆ ಮೊಳಕೆಯನ್ನು ಕಣ್ಣಿನ ಸಮೇತ ಆಳವಾಗಿ ಕೊಯ್ದು ತೆಗೆದು ಅಡುಗೆಗೆ ಬಳಸಬಹುದು. ಸುಕ್ಕುಗಟ್ಟಿದ್ದರೆ, ಹಸಿರಾಗಿದ್ದರೆ ಎಸೆಯಿರಿ. ಬೇಯಿಸಿದರೂ ಸೊಲನಿನ್ ಹೋಗುವುದಿಲ್ಲ.